ಟೈಲ್ಸ್ ಗೋಡೆಯಿಂದ ಬೇಡವಾದ ವಾಶ್ ಬೇಸಿನ್ ತೆಗೆಯುವುದು: ಎಲ್ಲಿ ಸಿಕ್ಕಿಕೊಂಡಿದೆ, ಯಾಕೆ ಸೋರುತ್ತಿದೆ

ಗೋಡೆಗೆ ಕೂರಿಸಿದ ವಾಶ್ ಬೇಸಿನ್ ಇಳಿಸಲು ಬಿಚ್ಚಬೇಕಾದ್ದು ಎರಡು ನಟ್, ಒಂದೋ ಎರಡೋ ನೀರಿನ ಕನೆಕ್ಷನ್, ಒಂದು ವೇಸ್ಟ್ ಪೈಪ್. ಲೆಕ್ಕಕ್ಕೆ ಅಷ್ಟೇ. ಆದರೂ ಟೈಲ್ ಬಿರಿಯುತ್ತದೆ, ಗೋಡೆಯೊಳಗಿನ ಎಲ್ಬೋ (ಪೈಪಿನ ಮೊಣಕೈಯಂಥ ಜಾಯಿಂಟ್) ಮುರಿಯುತ್ತದೆ, ಎಲ್ಲ ಮುಗಿಯಿತು ಎಂದುಕೊಂಡ ಮೇಲೆ ಪಕ್ಕದ ಕೋಣೆಯ ಗೋಡೆ ತೇವ ಹಿಡಿಯುತ್ತದೆ. ಬೇಸಿನ್ ಯಾವುದಕ್ಕೆ ಅಂಟಿಕೊಂಡಿದೆ ಎಂದು ಪತ್ತೆಮಾಡದೆ ಎಳೆದಾಗ ಮೊದಲೆರಡು ತೊಂದರೆ ಬರುತ್ತವೆ. ಬೇಸಿನ್ ಹೋದ ಮೇಲೆ ಉಳಿಯುವ ಎರಡು ಬಾಯಿಗಳನ್ನು, ಅಂದರೆ ನೀರು ಬರುವುದು ಮತ್ತು ನೀರು ಹೋಗುವುದನ್ನು, ಅರೆಬರೆ ಮುಚ್ಚಿದರೆ ಮೂರನೆಯದು. ಇಳಿಸುವ ಕೆಲಸಕ್ಕಿಂತ ಮುಚ್ಚುವ ಕೆಲಸಕ್ಕೇ ಹೆಚ್ಚು ಸಮಯ ಇಟ್ಟುಕೊಳ್ಳಿ.

ಕೈ ಹಾಕುವ ಮೊದಲು

ಟಾರ್ಚ್ ಹಿಡಿದು ಬೇಸಿನ್‌ನ ಅಡಿಯಿಂದ ನೋಡಿ. ಪಿಂಗಾಣಿ ಬೇಸಿನ್ ಸಾಮಾನ್ಯವಾಗಿ 10ರಿಂದ 20 ಕೆ.ಜಿ. ತೂಗುತ್ತದೆ, ಆ ಭಾರವನ್ನು ಏನು ಹೊತ್ತಿದೆ ಎಂಬುದು ಮೊದಲ ಪ್ರಶ್ನೆ. ಹಿಂಬದಿಯ ಎರಡು ತೂತುಗಳಲ್ಲಿ ಹಾದುಬಂದ ಬೋಲ್ಟುಗಳಿದ್ದರೆ ನಟ್ ಮತ್ತು ವಾಶರ್ ಕಾಣುತ್ತವೆ. ನಟ್ ಕಾಣದೆ ಅಡಿಯಲ್ಲಿ ಕಬ್ಬಿಣದ ಕೈಗಳು ಚಾಚಿದ್ದರೆ ಅದು ಗೋಡೆಯಲ್ಲಿ ಹೂತ ಬ್ರಾಕೆಟ್. ಮೂರನೆಯದು ನೆಲದಿಂದ ನಿಂತ ಪೆಡಸ್ಟಲ್. ಪೆಡಸ್ಟಲ್ ಇದ್ದಾಗ ಮುಂಭಾಗದ ಅಂಚನ್ನು ಮೆಲ್ಲಗೆ ಮೇಲಕ್ಕೆ ಒತ್ತಿ ನೋಡಿ. ಬೇಸಿನ್ ಏಳದೆ ಗಟ್ಟಿಯಾಗಿ ನಿಂತರೆ ಗೋಡೆಯ ಬೋಲ್ಟು ಹಿಡಿದಿದೆ, ಪೆಡಸ್ಟಲ್ ಅನ್ನು ಮೊದಲೇ ಸರಿಸಬಹುದು. ಎದ್ದುಬಂದರೆ ಭಾರವೆಲ್ಲ ಪೆಡಸ್ಟಲ್ ಮೇಲಿದೆ ಎಂದರ್ಥ. ಅದನ್ನು ಮೊದಲು ಸರಿಸಿದರೆ ಬೇಸಿನ್ ಕಾಲ ಮೇಲೆ ಬೀಳುತ್ತದೆ.

ಮುಂದೆ ಗೋಡೆ. ನಾಣ್ಯದಿಂದ ಬೇಸಿನ್ ಸುತ್ತಲಿನ ಟೈಲ್‌ಗಳನ್ನು ಒಂದೊಂದಾಗಿ ತಟ್ಟಿ. ಟೊಳ್ಳು ಸದ್ದು ಬರುವ ಟೈಲ್ ಹಿಂದೆ ಸಿಮೆಂಟ್ ಪೂರ್ತಿ ಹಿಡಿದಿಲ್ಲ, ಸಣ್ಣ ಪೆಟ್ಟಿಗೂ ಬಿರಿಯುತ್ತದೆ. ಅಂಥವಕ್ಕೆ ಪೆನ್ಸಿಲ್‌ನಲ್ಲಿ ಗುರುತು ಹಾಕಿ, ಆ ಕಡೆ ಒತ್ತಡ ಬೀಳದಂತೆ ಕೆಲಸ ಮಾಡಿ. ಟೈಲಿನ ಅಂಚು ಬೇಸಿನ್‌ಗೆ ಹೇಗೆ ಸೇರಿದೆ ಎಂಬುದನ್ನೂ ಗಮನಿಸಿ. ಬೇಸಿನ್ ಕೂರಿಸಿದ ಮೇಲೆ ಅದರ ಸುತ್ತ ಟೈಲ್ ಕತ್ತರಿಸಿ ಹಾಕಿದ್ದರೆ ಹಿಂಬದಿಯ ಅಂಚು ಟೈಲ್‌ಗಳ ನಡುವೆ ಮುಳುಗಿರುತ್ತದೆ, ಅದರ ಹಿಂದೆ ಟೈಲೇ ಇರುವುದಿಲ್ಲ. ತೆಗೆದ ಮೇಲೆ ಅಲ್ಲಿ ಬರಿಯ ಪ್ಲಾಸ್ಟರ್ ಕಾಣುತ್ತದೆ. ಹೊಂದುವ ಟೈಲ್ ಕೈಯಲ್ಲಿದೆಯೇ ಎಂದು ಯೋಚಿಸಬೇಕಾದ್ದು ಈಗ, ಬೇಸಿನ್ ಇಳಿಸಿದ ಮೇಲಲ್ಲ.

ಕನ್ನಡಿಯ ಮೇಲಿನ ದೀಪಕ್ಕೋ ಗೀಸರಿಗೋ ಹೋಗುವ ವೈರ್ ಇದೇ ಗೋಡೆಯಲ್ಲಿ ಅಡಗಿರಬಹುದು. ಕೊರೆಯುವ, ಕತ್ತರಿಸುವ ಕೆಲಸ ಇದ್ದರೆ ಬಾತ್‌ರೂಮಿನ ಎಂಸಿಬಿ ಇಳಿಸಿಯೇ ಇಡಿ. ಡ್ರಿಲ್‌ಗೆ ಬೇರೆ ಕೋಣೆಯಿಂದ ಕರೆಂಟ್ ತನ್ನಿ. ಕನ್ನಡಕ, ದಪ್ಪ ಕೈಗವಸು ಇರಲಿ. ಒಡೆದ ಪಿಂಗಾಣಿ ಗಾಜಿನಷ್ಟೇ ಹರಿತ.

ಕೆಲಸದ ಕ್ರಮ ಇದು: ಮೊದಲು ನೀರು, ಆಮೇಲೆ ವೇಸ್ಟ್, ಆಮೇಲೆ ಸುತ್ತಲಿನ ಸಿಲಿಕೋನ್ ಅಥವಾ ಸಿಮೆಂಟ್, ಕೊನೆಗೆ ಬೋಲ್ಟು. ನಟ್ ಮೊದಲೇ ಬಿಚ್ಚಿದರೆ ಬೇಸಿನ್ ಪೈಪುಗಳ ಮೇಲೆ ಜೋತುಬೀಳುತ್ತದೆ, ಗೋಡೆಯೊಳಗಿನ ಜಾಯಿಂಟ್ ಅಲುಗುತ್ತದೆ.

ಆಂಗಲ್ ಕಾಕ್ ಮುಚ್ಚಿದರೂ ನೀರು ನಿಲ್ಲುತ್ತಿಲ್ಲ

ಆಂಗಲ್ ಕಾಕ್ ಎಂದರೆ ಗೋಡೆಯ ಪೈಪಿನಿಂದ ಬೇಸಿನ್‌ಗೆ ನೀರು ಬಿಡುವ ಸಣ್ಣ ವಾಲ್ವ್. ಅದನ್ನು ಮುಚ್ಚಿ, ಬೇಸಿನ್‌ನ ನಲ್ಲಿಯನ್ನು ತೆರೆದು ಎರಡು ನಿಮಿಷ ಬಿಡಿ. ಹನಿ ನಿಲ್ಲದಿದ್ದರೆ ಕಾಕ್‌ನ ಒಳಗಿನ ವಾಶರ್ ಸವೆದಿದೆ ಅಥವಾ ಅದು ಕೂರುವ ಸೀಟಿನ ಮೇಲೆ ಸುಣ್ಣ ಕಟ್ಟಿದೆ. ಇನ್ನಷ್ಟು ಬಿಗಿಯಾಗಿ ತಿರುಗಿಸಿ ಪ್ರಯೋಜನವಿಲ್ಲ. ಹಳೆಯ ಕಾಕ್‌ನ ಸ್ಪಿಂಡಲ್ ಮುರಿಯುವುದು ಹೀಗೆಯೇ. ಹೇಗೂ ಕಾಕ್ ತೆಗೆದು ಪೈಪಿನ ಬಾಯಿ ಮುಚ್ಚುವ ಪ್ಲಗ್ ಹಾಕಬೇಕಾದ್ದರಿಂದ ಮೇನ್ ವಾಲ್ವ್ ಮುಚ್ಚಲೇಬೇಕು. ಕಾಕ್ ರಿಪೇರಿಗೆ ಸಮಯ ಕಳೆಯಬೇಡಿ.

ಮೇನ್ ವಾಲ್ವ್ ಮುಚ್ಚಿದ ಮೇಲೂ ನೀರು ಬರುತ್ತಿದ್ದರೆ ಮೂರು ಸಾಧ್ಯತೆ. ಮೇಲಿನ ಅಂತಸ್ತಿನ ಪೈಪಿನಲ್ಲಿ ನಿಂತ ನೀರು ಇಳಿಯುತ್ತಿರಬಹುದು: ಇದಕ್ಕಿಂತ ಕೆಳಮಟ್ಟದ ಒಂದು ನಲ್ಲಿ ತೆರೆದರೆ ಸ್ವಲ್ಪ ಹೊತ್ತಿನಲ್ಲಿ ಬರಿದಾಗುತ್ತದೆ. ಹನಿ ಬೆಚ್ಚಗಿದ್ದರೆ ಅದು ಗೀಸರ್ ಕಡೆಯಿಂದ ಬರುತ್ತಿದೆ. ಮನೆಯಲ್ಲಿ ಎಲ್ಲೋ ಬಿಸಿ-ತಣ್ಣೀರು ಬೆರೆಸುವ ಒಂದು ಮಿಕ್ಸರ್ ನಲ್ಲಿಯು ಒಳಗೊಳಗೇ ಸೋರಿ ಬಿಸಿ ಮತ್ತು ತಣ್ಣೀರಿನ ಲೈನ್‌ಗಳನ್ನು ಸೇರಿಸಿದ್ದರೂ ಹೀಗಾಗುತ್ತದೆ; ಗೀಸರ್ ಸ್ವಿಚ್ ಆರಿಸಿ, ಅದರ ಒಳಹರಿವಿನ ವಾಲ್ವನ್ನೂ ಮುಚ್ಚಿ. ಇವೆರಡೂ ಅಲ್ಲ, ಧಾರೆ ಒಂದೇ ಸಮ ಸಾಗಿದೆ ಎಂದರೆ ಮೇನ್ ವಾಲ್ವ್ ಆಗಿ ಹಾಕಿದ ಗೇಟ್ ವಾಲ್ವೇ ಪೂರ್ತಿ ಕೂರುತ್ತಿಲ್ಲ. ವರ್ಷಗಟ್ಟಲೆ ತಿರುಗಿಸದ ಗೇಟ್ ವಾಲ್ವ್‌ಗಳಲ್ಲಿ ಇದು ಮಾಮೂಲು. ಎರಡು ಮೂರು ಸಲ ಪೂರ್ತಿ ತೆರೆದು ಮುಚ್ಚಿದರೆ ತಳದ ಕಸ ಕೊಚ್ಚಿಹೋಗಿ ಕೂರಬಹುದು. ಆಗಲೂ ಆಗದಿದ್ದರೆ ಟ್ಯಾಂಕ್ ಖಾಲಿ ಮಾಡುವುದೊಂದೇ ದಾರಿ. ಹರಿಯುವ ನೀರಿನಲ್ಲೇ ಪ್ಲಗ್ ಕೂರಿಸುವ ಸಾಹಸ ಬೇಡ. ಸೋರದಂತೆ ಪ್ಲಗ್‌ಗೆ ಸುತ್ತುವ ಟೆಫ್ಲಾನ್ ಟೇಪ್ ಒದ್ದೆಯಾಗಿ ಜಾರಿ ಮಡಚಿಕೊಳ್ಳುತ್ತದೆ.

ಕಾಕ್ ತಿರುಗಿಸಿದರೆ ಗೋಡೆಯೊಳಗೆ ಏನೋ ತಿರುಗುತ್ತಿದೆ

ಇಡೀ ಕೆಲಸದಲ್ಲಿ ದುಬಾರಿ ಬೀಳುವ ಹಂತ ಇದೇ. ಮೊದಲು ಕನೆಕ್ಷನ್ ಪೈಪಿನ ನಟ್ ಬಿಚ್ಚಿ ಅದನ್ನು ಪಕ್ಕಕ್ಕಿಡಿ. ಈಗ ಆಂಗಲ್ ಕಾಕ್ ಅನ್ನು ಎಡಕ್ಕೆ ತಿರುಗಿಸುವಾಗ ಕೈಗೆ ಏನು ತಿಳಿಯುತ್ತದೆ ಎಂಬುದರ ಮೇಲೆ ಗಮನವಿರಲಿ. ಕಾಕ್ ಬಿಗಿ ಬಿಟ್ಟು ನುಣುಪಾಗಿ ತಿರುಗಿದರೆ ಸರಿ. ಸ್ಪ್ರಿಂಗಿನಂತೆ ಸ್ವಲ್ಪ ತಿರುಗಿ ಹಿಂದಕ್ಕೆ ಬರುತ್ತಿದ್ದರೆ, ಇಲ್ಲವೇ ಸುತ್ತಲಿನ ಗ್ರೌಟ್ (ಟೈಲ್ ಸಂದಿಗೆ ತುಂಬಿದ ಗಾರೆ) ಉದುರುತ್ತಿದ್ದರೆ, ತಿರುಗುತ್ತಿರುವುದು ಒಳಗಿನ ಎಲ್ಬೋ. ಅಲ್ಲೇ ನಿಲ್ಲಿಸಿ.

ಪೈಪ್ ಸಿಪಿವಿಸಿ ಎಂಬ ಪ್ಲಾಸ್ಟಿಕ್‌ನದಾಗಿದ್ದರೆ ಎಲ್ಬೋ ಒಳಗೆ ಹಿತ್ತಾಳೆಯ ಚೂಡಿ (ತಿರುಪಿನ ಗೆರೆಗಳು) ಇರುತ್ತದೆ, ಅದರ ಸುತ್ತ ಪ್ಲಾಸ್ಟಿಕ್. ಗೋಡೆಯಲ್ಲಿ ಸಿಮೆಂಟ್ ಸರಿಯಾಗಿ ತುಂಬದಿದ್ದರೆ ಎಲ್ಬೋಗೆ ಆಸರೆಯೇ ಇಲ್ಲದೆ ಪ್ಲಾಸ್ಟಿಕ್ ಕಡೆಯ ಜಾಯಿಂಟ್ ತಿರುಚಿಕೊಳ್ಳುತ್ತದೆ. ಕಾಕ್ ಸುತ್ತಲಿನ ಸ್ಟೀಲ್ ಫ್ಲ್ಯಾಂಜ್ ಸರಿಸಿ, ಎಲ್ಬೋ ಮುಖ ಕಾಣುವಷ್ಟು ಜಾಗ ಬಿಡಿಸಿ, ಒಂದು ಪಾನಾದಿಂದ ಎಲ್ಬೋ ಅಲುಗದಂತೆ ಹಿಡಿದು ಇನ್ನೊಂದರಿಂದ ಕಾಕ್ ತಿರುಗಿಸಬೇಕು. ಹಿಡಿಯಲು ಜಾಗವೇ ಇಲ್ಲದಿದ್ದರೆ ಹೇರ್ ಡ್ರೈಯರ್‌ನಿಂದ ಕಾಕ್‌ನ ಲೋಹದ ಕುತ್ತಿಗೆಯನ್ನು ಬೆಚ್ಚಗೆ ಮಾಡಿದರೆ ಹಳೆಯ ಟೇಪು ಸಡಿಲಾಗುವುದುಂಟು. ಬೆಂಕಿ ಬೇಡ, ಪ್ಲಾಸ್ಟಿಕ್ ಮೆತ್ತಗಾಗುತ್ತದೆ.

ಹಳೆಯ ಜಿಐ (ಸತು ಲೇಪಿಸಿದ ಕಬ್ಬಿಣ) ಪೈಪಿನಲ್ಲಿ ತೊಂದರೆ ಬೇರೆ. ಅಲ್ಲಿ ಎಲ್ಬೋ ಗಟ್ಟಿ, ಚೂಡಿ ತುಕ್ಕು ಹಿಡಿದಿರುತ್ತದೆ. ಬಲ ಹಾಕಿದಾಗ ಕಾಕ್ ತುಂಡಾಗಿ ಅದರ ಚೂಡಿಯ ಉಂಗುರ ಒಳಗೇ ಉಳಿಯುತ್ತದೆ. ಆಗ ಹ್ಯಾಕ್ಸಾ ಬ್ಲೇಡಿನ ತುಂಡಿನಿಂದ ಉಂಗುರದ ಒಳಮೈಗೆ ಎರಡು ಕಡೆ ಗೀಟು ಕೊಯ್ಯಿರಿ. ಎಲ್ಬೋದ ಚೂಡಿ ತಾಗುವ ಮುಂಚೆ ನಿಲ್ಲಿಸಿ. ಸಣ್ಣ ಉಳಿಯಿಂದ ಆ ತುಂಡನ್ನು ಒಳಮುಖವಾಗಿ ಮಡಚಿ ತೆಗೆಯಿರಿ. ಚೌಕ ಮೊನೆಯ ಎಕ್ಸ್‌ಟ್ರಾಕ್ಟರ್ ಸಿಕ್ಕರೆ ಇನ್ನೂ ಸುಲಭ. ಚೂಡಿ ಹಾಳಾಗಿಹೋದರೆ ಟೈಲ್ ಒಡೆದು ಎಲ್ಬೋ ಬದಲಿಸುವುದೇ ನ್ಯಾಯ. ಎಂ-ಸೀಲ್ ತುಂಬಿ ಬಿಟ್ಟರೆ ಒತ್ತಡದ ಲೈನ್‌ನಲ್ಲಿ ಅದು ನಿಲ್ಲುತ್ತದೆ ಎಂದು ನಂಬುವ ಹಾಗಿಲ್ಲ.

ವೇಸ್ಟ್ ಪೈಪ್ ಬಿಚ್ಚುವುದು

ಇದು ಸರಳ. ಬಾಟಲ್ ಟ್ರ್ಯಾಪ್, ಅಂದರೆ ಚರಂಡಿಯ ವಾಸನೆ ತಡೆಯಲು ನೀರು ಹಿಡಿದಿಡುವ ಬಟ್ಟಲಿನಂಥ ಭಾಗದ ಅಡಿಯಲ್ಲಿ ಬಕೆಟ್ ಇಟ್ಟು ಬಟ್ಟಲನ್ನು ಕೈಯಿಂದಲೇ ತಿರುಗಿಸಿ; ಒಳಗೆ ಯಾವಾಗಲೂ ಒಂದು ಲೋಟದಷ್ಟು ಕೊಳೆ ನೀರು ಇರುತ್ತದೆ. ಬೇಸಿನ್‌ನ ತಳದ ತೂತಿಗೆ ಕೂರಿಸಿದ ವೇಸ್ಟ್ ಕಪ್ಲಿಂಗ್ ಸಾಮಾನ್ಯವಾಗಿ 32 ಮಿ.ಮೀ., ಗೋಡೆಯ ಪೈಪ್ 40 ಮಿ.ಮೀ. ಸುಮಾರಿನದು. ಕಪ್ಲಿಂಗ್ ಬಿಚ್ಚದಿದ್ದರೆ ಬಿಡಿ, ಬೇಸಿನ್ ಜತೆಗೇ ಹೋಗಲಿ. ಗೋಡೆಯ ಪೈಪಿನ ಬಾಯಿಗೆ ತಕ್ಷಣ ಒಂದು ಬಟ್ಟೆ ತುರುಕಿ, ಅದಕ್ಕೆ ಉದ್ದ ದಾರ ಕಟ್ಟಿ ಹೊರಗೆ ಬಿಡಿ. ದಾರವಿಲ್ಲದ ಬಟ್ಟೆ ಒಳಗೆ ಜಾರಿದರೆ ಅಲ್ಲಿಗೆ ಹೊಸ ತೊಂದರೆ ಶುರು.

ನಟ್ ತಿರುಗುತ್ತದೆ, ಕಳಚುವುದಿಲ್ಲ

ತುಕ್ಕು ಹಿಡಿದ ನಟ್‌ಗೆ ತುಕ್ಕು ಬಿಡಿಸುವ ಎಣ್ಣೆ ಸಿಂಪಡಿಸಿ ಅರ್ಧ ಗಂಟೆ ಬಿಡಿ; ಗಟ್ಟಿ ಇದ್ದರೆ ರಾತ್ರಿಯಿಡೀ. ಎಣ್ಣೆ ಗ್ರೌಟ್‌ಗೆ ಇಳಿದರೆ ಕಲೆ ನಿಲ್ಲುತ್ತದೆ, ಕೆಳಗೆ ಬಟ್ಟೆ ಒತ್ತಿಡಿ.

ನಟ್ ಜತೆಗೆ ಬೋಲ್ಟೇ ತಿರುಗುತ್ತಿದ್ದರೆ ಎರಡರಲ್ಲಿ ಒಂದು. ನೈಲಾನ್ ಪ್ಲಗ್‌ನಲ್ಲಿ ಕೂತ ಸ್ಕ್ರೂ ಬೋಲ್ಟ್ ಆಗಿದ್ದರೆ ನಟ್ ಜತೆ ಅದೂ ಮೆಲ್ಲಗೆ ಹೊರಬರುತ್ತದೆ. ಬರಲಿ, ನಿಮಗೆ ಬೇಕಾದ್ದೂ ಅದೇ. ಬೇಸಿನ್‌ನ ಭಾರವನ್ನು ಮಾತ್ರ ಇನ್ನೊಬ್ಬರು ಎತ್ತಿ ಹಿಡಿದಿರಬೇಕು. ಎಷ್ಟು ತಿರುಗಿಸಿದರೂ ಹೊರಬಾರದೆ ನಿಂತಲ್ಲೇ ಸುತ್ತುತ್ತಿದ್ದರೆ ಸಿಮೆಂಟಿನಲ್ಲಿ ಹೂತ ಬೋಲ್ಟ್ ಸಡಿಲವಾಗಿದೆ. ಬೋಲ್ಟಿನ ತುದಿಯನ್ನು ಲಾಕಿಂಗ್ ಪ್ಲಯರ್‌ನಿಂದ ಕಚ್ಚಿ ಹಿಡಿದು ನಟ್ ಬಿಡಿಸಿ. ತುದಿ ಚಿಕ್ಕದಾಗಿದ್ದರೆ ನಟ್ ಕತ್ತರಿಸುವುದೇ ಲೇಸು.

ಕತ್ತರಿಸಲು ಬರಿಯ ಹ್ಯಾಕ್ಸಾ ಬ್ಲೇಡ್ ಸಾಕು, ನಿಧಾನ ಅಷ್ಟೆ. 4 ಇಂಚಿನ ಗ್ರೈಂಡರ್‌ಗೆ 1 ಮಿ.ಮೀ. ಕಟಿಂಗ್ ಡಿಸ್ಕ್ ಹಾಕಿದರೆ ಬೇಗ ಮುಗಿಯುತ್ತದೆ, ಆದರೆ ಅದರ ಕಿಡಿ ಟೈಲ್‌ನ ಹೊಳಪಿಗೆ ಅಂಟಿಕೊಳ್ಳುತ್ತದೆ. ಆಗ ಕಾಣದ ಕಬ್ಬಿಣದ ಕಣಗಳು ಕೆಲವು ದಿನದಲ್ಲಿ ತುಕ್ಕಿನ ಚುಕ್ಕೆಗಳಾಗಿ ಏಳುತ್ತವೆ. ಗ್ರೈಂಡರ್ ಬಳಸುವ ಮೊದಲು ಸುತ್ತಲಿನ ಟೈಲ್‌ಗಳಿಗೆ ಒದ್ದೆ ಬಟ್ಟೆ ಹೊದಿಸಿ, ಮುಗಿದ ಮೇಲೆ ಗೋಡೆಯನ್ನು ನೀರಿನಿಂದ ತೊಳೆಯಿರಿ. ಸುತ್ತಿಗೆಯಿಂದ ಬೋಲ್ಟನ್ನು ಅತ್ತಿತ್ತ ಬಡಿದು ಕಳಚುವ ಯೋಚನೆಯನ್ನಂತೂ ಬಿಡಿ. ಬೋಲ್ಟ್ ಟೈಲ್‌ನ ತೂತಿನಲ್ಲಿ ಸನ್ನೆಯಾಗಿ ಕೆಲಸ ಮಾಡಿ, ತೂತಿನಿಂದ ಮೂಲೆಯವರೆಗೆ ಬಿರುಕು ಓಡುತ್ತದೆ.

ಎಲ್ಲ ಬಿಚ್ಚಿದರೂ ಬೇಸಿನ್ ಅಲುಗುತ್ತಿಲ್ಲ

ನಟ್ ಹೋಗಿದೆ, ಪೈಪ್ ಹೋಗಿದೆ, ಬೇಸಿನ್ ಮಾತ್ರ ಗೋಡೆಗೆ ಅಂಟಿ ಕೂತಿದೆ. ಈ ಹಂತದಲ್ಲಿ ಹೆಚ್ಚಿನವರು ಮುಂಭಾಗದ ಅಂಚು ಹಿಡಿದು ಕೆಳಕ್ಕೆ ಒತ್ತುತ್ತಾರೆ. ಬೇಸಿನ್ ಗೋಡೆಯಿಂದ 40-50 ಸೆಂ.ಮೀ. ಮುಂದೆ ಚಾಚಿರುವುದರಿಂದ ಆ ಒತ್ತಡ ಹಲವು ಪಟ್ಟಾಗಿ ಹಿಂಬದಿಯ ಕೆಳ ಅಂಚಿನ ಮೂಲಕ ಟೈಲ್ ಮೇಲೆ ಬೀಳುತ್ತದೆ. ಮೇಲಿನ ಅಂಚು ಅಂಟಿದ ಟೈಲನ್ನು ಕಿತ್ತು ತರುತ್ತದೆ. ಬೇಸಿನ್ ಅನ್ನು ಮೇಲಕ್ಕೂ ಕೆಳಕ್ಕೂ ವಾಲಿಸದೆ ನೇರ ಮುಂದಕ್ಕೆ ಎಳೆಯಬೇಕು, ಅದೂ ಅಂಟು ಬಿಟ್ಟ ಮೇಲೆ.

ಅಂಟು ಏನೆಂದು ಉಗುರಿನಿಂದ ಒತ್ತಿ ನೋಡಿ. ರಬ್ಬರಿನ ಹಾಗೆ ಒಳಗಿಳಿದರೆ ಸಿಲಿಕೋನ್. ತೆಳು ಬ್ಲೇಡಿನ ಕಟರ್ ಅನ್ನು ಟೈಲ್ ಕಡೆಗಲ್ಲ, ಬೇಸಿನ್ ಕಡೆಗೆ ವಾಲಿಸಿ ಕೊಯ್ಯಿರಿ. ಬೇಸಿನ್ ಹೇಗೂ ಬೇಡವಾದದ್ದು, ಗೀರು ಬಿದ್ದರೆ ಅದಕ್ಕೇ ಬೀಳಲಿ. ಹಿಂಬದಿಯಲ್ಲೂ ಸಿಲಿಕೋನ್ ಬಳಿದಿದ್ದರೆ ಬ್ಲೇಡ್ ತಲುಪುವುದಿಲ್ಲ. ತೆಳು ಸ್ಟೀಲ್ ತಂತಿಯ ಎರಡು ತುದಿಗೂ ಕಡ್ಡಿ ಕಟ್ಟಿ, ಮೇಲಿನಿಂದ ಒಳಕ್ಕೆ ಇಳಿಸಿ, ಗರಗಸದಂತೆ ಅತ್ತಿತ್ತ ಎಳೆಯುತ್ತ ಕೆಳಗೆ ತನ್ನಿ. ಬೋಲ್ಟ್ ಇರುವಲ್ಲಿ ತಂತಿ ನಿಲ್ಲುತ್ತದೆ, ಅಲ್ಲಿಂದ ಕೆಳಗಿನ ಭಾಗವನ್ನು ಅಡಿಯಿಂದ ಕೊಯ್ಯಿರಿ.

ಉಗುರು ಇಳಿಯದಿದ್ದರೆ ಬಿಳಿ ಸಿಮೆಂಟ್ ಅಥವಾ ಎಪಾಕ್ಸಿ. ಬಿಳಿ ಸಿಮೆಂಟ್ ಅನ್ನು ಹ್ಯಾಕ್ಸಾ ಬ್ಲೇಡಿನ ತುದಿಯಿಂದ ಕೆರೆದು ತೆಗೆಯಬಹುದು. ಎಪಾಕ್ಸಿಗೆ ಕಂಪಿಸುವ ಮಲ್ಟಿ ಟೂಲ್ ಮತ್ತು ಗ್ರೌಟ್ ಬ್ಲೇಡ್ ಬೇಕು. ಸುತ್ತಲೂ ಪೂರ್ತಿ ಕೊಯ್ದ ಮೇಲೆ ಪ್ಲಾಸ್ಟಿಕ್ ಅಥವಾ ಮರದ ತೆಳು ಬೆಣೆಗಳನ್ನು ಎರಡೂ ಬದಿಯಲ್ಲಿ ಸಮವಾಗಿ ಸ್ವಲ್ಪ ಸ್ವಲ್ಪವೇ ತೂರಿಸಿ. ಕಬ್ಬಿಣದ ಉಳಿ ತೂರಿಸಿದರೆ ಅದರ ಬೆನ್ನು ಒರಗುವುದು ಟೈಲ್‌ಗೇ.

ಏನು ಮಾಡಿದರೂ ಬಾರದಿದ್ದಾಗ ಒಡೆದು ತೆಗೆಯುವ ದಾರಿಯಿದೆ, ಕೊನೆಯ ದಾರಿಯಾಗಿ. ನೇರ ಸುತ್ತಿಗೆ ಬೀಸಿದರೆ ಪೆಟ್ಟು ಬೋಲ್ಟ್ ಮೂಲಕ ಗೋಡೆಗೆ ಹೋಗುತ್ತದೆ. ಬದಲಿಗೆ ಗ್ರೈಂಡರ್‌ಗೆ ಡೈಮಂಡ್ ಡಿಸ್ಕ್ ಹಾಕಿ, ನೀರು ಚಿಮುಕಿಸುತ್ತ, ಗೋಡೆಯಿಂದ ಎರಡು ಬೆರಳು ದೂರದಲ್ಲಿ ಬೇಸಿನ್ ಅನ್ನು ಕತ್ತರಿಸಿ ಮುಂಭಾಗ ಇಳಿಸಿ. ಚಿಮುಕಿಸುವ ನೀರು ಗ್ರೈಂಡರ್‌ನ ಮೋಟರಿಗೆ ಸಿಡಿಯಬಾರದು. ಅದಕ್ಕೆ ಕರೆಂಟ್ ಕೊಡುವ ಲೈನಿನಲ್ಲಿ ಶಾಕ್ ತಡೆಯುವ ಆರ್‌ಸಿಸಿಬಿ ಇರಲೇಬೇಕು. ಇಲ್ಲದಿದ್ದರೆ ನೀರಿಲ್ಲದೆ, ಎನ್95 ಮಾಸ್ಕ್ ಹಾಕಿ ಕೆಲಸ ಮಾಡಿ. ಪಿಂಗಾಣಿಯ ಧೂಳು ಶ್ವಾಸಕೋಶಕ್ಕೆ ಕೆಟ್ಟದ್ದು. ಉಳಿದ ಪಟ್ಟಿಯನ್ನು ಸಣ್ಣ ತುಂಡುಗಳಾಗಿ ಬಿಡಿಸಬಹುದು.

ಉಳಿದ ಬೋಲ್ಟ್, ಬ್ರಾಕೆಟ್

ಸ್ಕ್ರೂ ಬೋಲ್ಟ್‌ಗೆ ಎರಡು ನಟ್ ಹಾಕಿ ಒಂದಕ್ಕೊಂದು ಎದುರಾಗಿ ಬಿಗಿದು, ಒಳಗಿನ ನಟ್ ಅನ್ನು ಎಡಕ್ಕೆ ತಿರುಗಿಸಿದರೆ ಇಡೀ ಬೋಲ್ಟ್ ಹೊರಬರುತ್ತದೆ. ಪ್ಲಗ್ ಉಳಿದರೆ ಅದಕ್ಕೊಂದು ಸ್ಕ್ರೂ ಅರ್ಧ ಇಳಿಸಿ ಪ್ಲಯರ್‌ನಿಂದ ನೇರ ಎಳೆಯಿರಿ. ಸಿಮೆಂಟಿನಲ್ಲಿ ಹೂತ ಬೋಲ್ಟನ್ನು ಹೊರತೆಗೆಯುವ ಹಟ ಬೇಡ. ಅದರ ಸುತ್ತಲಿನ ಸಿಮೆಂಟನ್ನು 5 ಮಿ.ಮೀ. ಆಳ ಕೆರೆದು, ಟೈಲ್ ಮಟ್ಟಕ್ಕಿಂತ 2-3 ಮಿ.ಮೀ. ಒಳಗೆ ಕತ್ತರಿಸಿ, ತುದಿಗೆ ಜಿಂಕ್ ಪ್ರೈಮರ್ ಹಚ್ಚಿ. ಪ್ರೈಮರ್ ಇಲ್ಲದೆ ಮುಚ್ಚಿದರೆ ತುಕ್ಕು ಉಬ್ಬಿ ಮೇಲಿನ ಪುಟ್ಟಿಯನ್ನು ದೂಡುತ್ತದೆ, ಕಂದು ಬಣ್ಣ ಹೊರಗೆ ಇಳಿಯುತ್ತದೆ. ಬ್ರಾಕೆಟ್‌ಗೂ ಇದೇ ವಿಧಾನ.

ಪ್ಲಗ್ ಹಾಕಿದರೂ ಸೋರುತ್ತಿದೆ

ಅರ್ಧ ಇಂಚಿನ ಎಲ್ಬೋಗೆ ಅರ್ಧ ಇಂಚಿನ ಹಿತ್ತಾಳೆ ಎಂಡ್ ಪ್ಲಗ್. ಪ್ಲಗ್‌ನ ಚೂಡಿ ನಿಮ್ಮ ಕಡೆ ಇರುವಂತೆ ಹಿಡಿದು ಟೆಫ್ಲಾನ್ ಟೇಪನ್ನು ಗಡಿಯಾರದ ಮುಳ್ಳಿನ ದಿಕ್ಕಿನಲ್ಲಿ, ಎಳೆದು ಬಿಗಿಯಾಗಿ 10-15 ಸುತ್ತು ಸುತ್ತಿ. ತಿರುವು ಮುರುವಾದರೆ ಪ್ಲಗ್ ತಿರುಗಿಸುವಾಗಲೇ ಟೇಪ್ ಬಿಚ್ಚಿಕೊಂಡು ಗುಪ್ಪೆಯಾಗುತ್ತದೆ, ಸೋರಿಕೆಗೆ ಅದೇ ಸಾಕು. ಮೊದಲ ಮೂರು ನಾಲ್ಕು ಸುತ್ತು ಕೈಯಲ್ಲೇ ಹೋಗಬೇಕು. ಹೋಗದಿದ್ದರೆ ಚೂಡಿ ಓರೆ ಹಿಡಿದಿದೆ, ಹಿಂದೆ ತೆಗೆದು ಮತ್ತೆ ಹಿಡಿಸಿ. ಆಮೇಲೆ ಪಾನಾದಿಂದ ಒಂದರಿಂದ ಒಂದೂವರೆ ಸುತ್ತು. ಬಿಗಿಯಾದ ಮೇಲೆ ನೇರ ಮಾಡಲೆಂದು ಹಿಂದಕ್ಕೆ ತಿರುಗಿಸಿದರೆ ಟೇಪ್ ಹರಿದು ಸೋರುತ್ತದೆ, ಮತ್ತೆ ಹೊಸ ಟೇಪ್ ಸುತ್ತಬೇಕು.

ಎಲ್ಬೋ ಟೈಲ್‌ಗಿಂತ ತುಂಬಾ ಒಳಗಿದ್ದು ಪ್ಲಗ್‌ನ ತಲೆ ಟೈಲ್‌ಗೆ ತಾಗಿ ನಿಂತರೆ ಬಿಗಿಯಾದಂತೆ ಅನ್ನಿಸುತ್ತದೆ, ಚೂಡಿ ಮಾತ್ರ ಅರ್ಧವೇ ಹೋಗಿರುತ್ತದೆ. ಎಕ್ಸ್‌ಟೆನ್ಷನ್ ನಿಪ್ಪಲ್ ಹಾಕಿ ಅದರ ಮೇಲೆ ಮುಚ್ಚಳ ಹಾಕಿ, ಅಥವಾ ತಲೆಯಿಲ್ಲದೆ ಷಡ್ಭುಜ ಕೀಲಿಯಿಂದ ತಿರುಗುವ ಪ್ಲಗ್ ಬಳಸಿ.

ಮೇನ್ ವಾಲ್ವನ್ನು ಮೆಲ್ಲಗೆ ತೆರೆಯಿರಿ, ಬೇರೆ ನಲ್ಲಿಯಿಂದ ಗಾಳಿ ಹೋಗಲಿ. ಪ್ಲಗ್ ಸುತ್ತ ಟಿಶ್ಯೂ ಪೇಪರ್ ಒತ್ತಿ ನೋಡಿ. ಕಣ್ಣಿಗೆ ಕಾಣದ ಒಸರೂ ಅದರಲ್ಲಿ ಕಾಣುತ್ತದೆ. ಆ ದಿನವೇ ಟೈಲ್ ಹಾಕಿ ಮುಚ್ಚಬೇಡಿ. ಪೂರ್ತಿ ಒತ್ತಡದಲ್ಲಿ 24 ಗಂಟೆ ತೆರೆದಿಟ್ಟು ಮತ್ತೊಮ್ಮೆ ಟಿಶ್ಯೂ ಒತ್ತಿ. ಪ್ಲಗ್ ಒಣಗಿದ್ದರೂ ಗೋಡೆಯ ಇನ್ನೊಂದು ಬದಿ ತೇವವಾಗುತ್ತಿದ್ದರೆ ಸೋರಿಕೆ ಎಲ್ಬೋ ಹಿಂದಿನ ಜಾಯಿಂಟ್‌ನಲ್ಲಿದೆ. ಕಾಕ್ ಬಿಚ್ಚುವಾಗ ತಿರುಚಿದ್ದರ ಫಲ ಅದು. ಟ್ಯಾಂಕ್ ಇಲ್ಲದೆ ಮೀಟರಿನಿಂದಲೇ ನೇರ ನೀರು ಬರುವ ಲೈನ್ ಆದರೆ, ಮನೆಯ ಎಲ್ಲ ನಲ್ಲಿ ಮುಚ್ಚಿ ಮೀಟರ್ ತಿರುಗುತ್ತಿದೆಯೇ ಎಂದು ನೋಡಿದರೂ ಗೊತ್ತಾಗುತ್ತದೆ.

ಇನ್ನೊಂದು ಮಾತು: ಈ ಪಾಯಿಂಟ್ ಮುಂದೆಂದೂ ಬೇಡ ಎಂದಾದರೆ ಇದು ಕವಲೊಡೆಯುವ ಟೀ ಜಾಯಿಂಟ್ ಹತ್ತಿರದಲ್ಲೇ ಪೈಪ್ ಕತ್ತರಿಸಿ ಮುಚ್ಚುವುದು ಒಳ್ಳೆಯದು. ತುದಿ ಮುಚ್ಚಿದ ಉದ್ದನೆಯ ಕುರುಡು ಪೈಪಿನಲ್ಲಿ ನೀರು ನಿಂತು ಬ್ಯಾಕ್ಟೀರಿಯಾ ಬೆಳೆಯುತ್ತದೆ, ಬಿಸಿನೀರಿನ ಲೈನಿನಲ್ಲಿ ಇದು ಇನ್ನೂ ಕೆಟ್ಟದ್ದು.

ಬೇಸಿನ್ ಹೋದ ಮೇಲೆ ವಾಸನೆ

ವೇಸ್ಟ್ ಬಾಯಿ ಮುಚ್ಚುವ ಮೊದಲು ಆ ಪೈಪಿಗೆ ಬೇರೆ ಏನಾದರೂ ಸೇರಿದೆಯೇ ನೋಡಿ. ವಾಷಿಂಗ್ ಮೆಷಿನ್ ನೀರೋ ಎ.ಸಿ. ಹನಿಯೋ ಗೋಡೆಯೊಳಗೆ ಇದಕ್ಕೇ ಕೂಡಿರುವುದುಂಟು. ಅವುಗಳಲ್ಲಿ ನೀರು ಬಿಟ್ಟು, ತೆರೆದ ಬಾಯಿಗೆ ಕಿವಿಗೊಟ್ಟು ಕೇಳಿ.

ಮುಚ್ಚಲು ರಬ್ಬರ್ ಹಿಗ್ಗುವ ಟೆಸ್ಟ್ ಪ್ಲಗ್ ಚೆನ್ನಾಗಿ ಕೂರುತ್ತದೆ. ಪಿವಿಸಿ ಪೈಪ್ ಸ್ವಲ್ಪ ಹೊರಗೆ ಸಿಕ್ಕರೆ ಸಾಲ್ವೆಂಟ್ ಅಂಟು ಹಚ್ಚಿದ ಎಂಡ್ ಕ್ಯಾಪ್. ಬಟ್ಟೆ ತುರುಕಿ ಮೇಲೆ ಸಿಮೆಂಟ್ ಬಳಿಯುವುದು ಕೆಲಸವಲ್ಲ. ಸಿಮೆಂಟ್ ಒಣಗುತ್ತ ಕುಗ್ಗಿ ಅಂಚಿನಲ್ಲಿ ಸಂದು ಬಿಡುತ್ತದೆ, ಅದರಿಂದ ಗಾಳಿ ಬರುತ್ತದೆ. ಮುಂದೊಂದು ದಿನ ಕೆಳಗೆ ಪೈಪ್ ಕಟ್ಟಿದರೆ ನೀರು ಮೊದಲು ಉಕ್ಕುವುದೂ ಅಲ್ಲಿಂದಲೇ.

ಬಾಯಿ ಸರಿಯಾಗಿ ಮುಚ್ಚಿದ್ದರೂ ಕೆಲವು ವಾರ ಬಿಟ್ಟು ವಾಸನೆ ಶುರುವಾದರೆ ಗೋಡೆಯನ್ನು ಅಗೆಯಬೇಡಿ, ನೆಲ ನೋಡಿ. ಬೇಸಿನ್ ನೀರು ಬಾತ್‌ರೂಮಿನ ನೆಲದ ಟ್ರ್ಯಾಪ್‌ಗೆ ಹೋಗುತ್ತಿದ್ದರೆ, ದಿನವೂ ಅದರಲ್ಲಿ ನೀರು ತುಂಬಿಸುತ್ತಿದ್ದದ್ದು ಈ ಬೇಸಿನ್ನೇ. ಈಗ ಟ್ರ್ಯಾಪ್‌ನ ನೀರು ಆವಿಯಾಗಿ ಚರಂಡಿಯ ಗಾಳಿಗೆ ದಾರಿ ತೆರೆದಿದೆ. ಒಂದು ಬಕೆಟ್ ನೀರು ಸುರಿದಾಗ ವಾಸನೆ ನಿಂತರೆ ಕಾರಣ ಇದೇ. ವಾರಕ್ಕೊಮ್ಮೆ ಒಂದೆರಡು ಲೀಟರ್ ನೀರು ಹಾಕಿ. ಬಳಸದೇ ಬಿಡುವ ಬಾತ್‌ರೂಮ್ ಆದರೆ ನೀರಿನ ಮೇಲೆ ಒಂದೆರಡು ಚಮಚ ಅಡುಗೆ ಎಣ್ಣೆ ಹಾಕಿದರೆ ಆವಿಯಾಗುವುದು ನಿಧಾನವಾಗುತ್ತದೆ.

ಗೋಡೆಯನ್ನು ಮುಚ್ಚುವಾಗ

ಪುಟ್ಟಿ, ಗ್ರೌಟ್ ನಿಲ್ಲದೆ ಹಪ್ಪಳದಂತೆ ಎದ್ದು ಬರುತ್ತಿದ್ದರೆ ಅಡಿಯಲ್ಲಿ ಸಿಲಿಕೋನ್ ಪೊರೆ ಉಳಿದಿದೆ. ಆ ಜಾಗಕ್ಕೆ ನೀರು ಚಿಮುಕಿಸಿ: ನೀರು ಹರಡದೆ ಮಣಿಯಾಗಿ ನಿಂತಲ್ಲೆಲ್ಲ ಸಿಲಿಕೋನ್ ಇದೆ. ಮತ್ತೆ ಕೆರೆದು ಐಸೊಪ್ರೊಪೈಲ್ ಆಲ್ಕೋಹಾಲ್‌ನಿಂದ ಒರೆಸಿ.

ಬೋಲ್ಟ್ ತೂತಿಗೆ ಮೇಲಿನ 4-5 ಮಿ.ಮೀ. ಬಿಟ್ಟು ಸಿಮೆಂಟ್ ಗಾರೆ ತುಂಬಿ, ಒಣಗಿದ ಮೇಲೆ ಎರಡು ಭಾಗ ಬೆರೆಸುವ ಎಪಾಕ್ಸಿ ಪುಟ್ಟಿಯನ್ನು ಟೈಲ್ ಮಟ್ಟಕ್ಕೆ ತನ್ನಿ. ಬರಿಯ ಬಿಳಿ ಸಿಮೆಂಟ್ ಕುಗ್ಗಿ ಗುಂಡಿ ಬೀಳುತ್ತದೆ. ಬಿರಿದ ಟೈಲ್ ಬದಲಿಸುವುದಾದರೆ ಮೊದಲು ನಾಲ್ಕೂ ಕಡೆಯ ಗ್ರೌಟ್ ಪೂರ್ತಿ ಕೊಯ್ದು ಪಕ್ಕದ ಟೈಲ್‌ನಿಂದ ಬೇರ್ಪಡಿಸಿ, ನಡುವೆ ತೂತು ಕೊರೆದು, ನಡುವಿನಿಂದ ಅಂಚಿನ ಕಡೆಗೆ ಒಡೆಯುತ್ತ ಬನ್ನಿ. ಅಂಚಿನಿಂದ ಶುರುಮಾಡಿದರೆ ಪಕ್ಕದ್ದೂ ಹೋಗುತ್ತದೆ. ಹೊಸ ಟೈಲ್ ಅಂಟಿಸಿದ 24 ಗಂಟೆ ಆದಮೇಲೆ ಗ್ರೌಟ್. ಹಳೆಯ ಟೈಲ್ ಸಿಗದಿದ್ದಾಗ ಹತ್ತಿರ ಹತ್ತಿರದ ಬಣ್ಣ ಹುಡುಕುವುದಕ್ಕಿಂತ, ಬೇರೆಯೇ ಬಣ್ಣದ ಒಂದು ಅಡ್ಡ ಪಟ್ಟಿ ಹಾಕುವುದು ನೋಡಲು ವಾಸಿ. ಸ್ವಲ್ಪ ಬೇರೆ ಇರುವ ಬಣ್ಣ ತೇಪೆಯಾಗಿಯೇ ಕಾಣುತ್ತದೆ.

ಬೇಸಿನ್ ಇದ್ದ ಜಾಗದ ಅಚ್ಚು ಗೋಡೆಯಲ್ಲಿ ಉಳಿದರೆ ಹೆಚ್ಚಾಗಿ ಅದು ಸುತ್ತ ಕಟ್ಟಿದ ಸುಣ್ಣದ ಗೆರೆ. ಒಂದು ಲೀಟರ್ ಬಿಸಿನೀರಿಗೆ 50 ಗ್ರಾಂ ಸಿಟ್ರಿಕ್ ಆಸಿಡ್ ಕರಗಿಸಿ, ಬಟ್ಟೆಯಲ್ಲಿ ಅದ್ದಿ ಹತ್ತು ನಿಮಿಷ ಒತ್ತಿಟ್ಟು ತೊಳೆಯಿರಿ. ಗ್ರೌಟ್ ಸಾಲುಗಳಿಗೆ ಮೊದಲೇ ಬರಿ ನೀರು ಕುಡಿಸಿದ್ದರೆ ಆಸಿಡ್ ಅಷ್ಟಾಗಿ ಒಳಗಿಳಿಯುವುದಿಲ್ಲ. ಮಾರ್ಬಲ್ ಗೋಡೆಗೆ ಇದನ್ನು ಮುಟ್ಟಿಸಬೇಡಿ, ಹೊಳಪು ಸುಟ್ಟುಹೋಗುತ್ತದೆ. ಕಂದು ತುಕ್ಕಿನ ಕಲೆ ಇದರಿಂದ ಹೋಗದಿದ್ದರೆ ಆಕ್ಸಾಲಿಕ್ ಆಸಿಡ್ ಬೇಕು, ಕೈಗವಸು ಹಾಕಿಕೊಂಡು. ಯಾವ ಆಸಿಡ್ ಬಳಸಿದರೂ ಅದೇ ಹೊತ್ತಿಗೆ ಬ್ಲೀಚ್ ಹಾಕಬೇಡಿ. ಎರಡೂ ಸೇರಿದರೆ ಕ್ಲೋರಿನ್ ಅನಿಲ ಏಳುತ್ತದೆ, ಬಾತ್‌ರೂಮಿನಂಥ ಮುಚ್ಚಿದ ಜಾಗದಲ್ಲಿ ಅದು ಜೀವಕ್ಕೇ ಅಪಾಯ.